ಮಾರಿಕುಪ್ಪಂ ಲೈನು: ಚಿನ್ನಕ್ಕೆ ಹಾಕಿದ ಹಳಿ, ಕೂಲಿಗೆ ಉಳಿದ ರೈಲು

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

2020ರ ಮಾರ್ಚ್‌ನಲ್ಲಿ ದೇಶದ ಎಲ್ಲ ಪ್ಯಾಸೆಂಜರ್ ರೈಲು ನಿಂತಾಗ ಕೋಲಾರ ಜಿಲ್ಲೆಯ ಒಂದು ಸಣ್ಣ ಲೈನೂ ನಿಂತಿತು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ, ಸುಮಾರು 16 ಕಿಲೋಮೀಟರ್. ಬಿಇಎಂಎಲ್ ನಗರ, ಕೋರಮಂಡಲ್, ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ. ಅಲ್ಲಿಗೆ ಹಳಿ ಮುಗೀತು. ಕೆಜಿಎಫ್‌ಗೆ ರೈಲಲ್ಲಿ ಹೋಗ್ತೀನಿ ಅಂತ ಹೊರಟವರು ಬೋರ್ಡಿನಲ್ಲಿ ಕೆಜಿಎಫ್ ಅಂತ ಹುಡುಕಬೇಡಿ, ಈ ಹೆಸರುಗಳಲ್ಲೇ ಒಂದು ಕಡೆ ಇಳೀಬೇಕು. ಆಮೇಲೆ ಒಂದೊಂದಾಗಿ ರೈಲು ವಾಪಸ್ ಬಂದವು, ನಿಲ್ದಾಣಗಳು ಮತ್ತೆ ತೆರೆದವು. ಪೇಪರಿನಲ್ಲಿ ಅದು ಎರಡು ಸಾಲಿನ ಸುದ್ದಿ. ನಮ್ಮ ಜನಕ್ಕೆ ಅದು ಎಷ್ಟು ದೊಡ್ಡ ಸುದ್ದಿ ಅಂತ ಹೇಳಬೇಕಾದ್ರೆ 130 ವರ್ಷ ಹಿಂದಕ್ಕೆ ಹೋಗಬೇಕು.

ಮದರಾಸು ಕಡೆಯಿಂದ ಜೋಲಾರಪೇಟೆ ಮೂಲಕ ಬೆಂಗಳೂರು ದಂಡಿಗೆ ರೈಲು ಬಂದಿದ್ದು 1864ರಲ್ಲಿ. ಆಗ ಬಂಗಾರಪೇಟೆಗೆ ಬೌರಿಂಗ್‌ಪೇಟೆ ಅಂತ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ನೆನಪಿಗೆ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಗಣಿ ವಹಿಸಿಕೊಂಡು ಚಿನ್ನದ ಪದರ ಸಿಕ್ಕಮೇಲೆ ಎತ್ತಿನ ಗಾಡಿಯಲ್ಲಿ ಬಾಯ್ಲರು, ಕಲ್ಲಿದ್ದಲು ಸಾಗಿಸೋದು ಆಗದ ಮಾತಾಯ್ತು. 1894ರಲ್ಲಿ ಈ ಕವಲು ಹಳಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಇದನ್ನೆಲ್ಲ ನಮಗೆ ಶಾಲೆಯಲ್ಲಿ ಹೆಮ್ಮೆಯ ವಿಷಯ ಅಂತ ಪಾಠ ಮಾಡಿದ್ದಾರೆ. ಬೆಳಕು ಯಾರ ಬಂಗಲೆಯಲ್ಲಿ ಹತ್ತಿತು, ಯಾರ ತಟ್ಟಿ ಗುಡಿಸಲಲ್ಲಿ ಹತ್ತಲಿಲ್ಲ ಅನ್ನೋದು ಪಾಠದಲ್ಲಿರಲಿಲ್ಲ.

ನಿಲ್ದಾಣದ ಹೆಸರುಗಳನ್ನೇ ನೋಡಿ. ಚಾಂಪಿಯನ್ ಅಂದ್ರೆ ಯಾವ ಪೈಲ್ವಾನನೂ ಅಲ್ಲ, ಭೂಮಿಯೊಳಗಿನ ಚಿನ್ನದ ಪದರ. ಊರ್ಗಾಂ ಹಳ್ಳಿಯ ಹೆಸರು, ಅದೇ ಹೆಸರಲ್ಲಿ ಲಂಡನ್ನಿನಲ್ಲಿ ಷೇರು ಮಾರಾಟವಾಗ್ತಿತ್ತು. ಗಣಿ ಮುಚ್ಚಿ ಎಷ್ಟೋ ವರ್ಷ ಆದರೂ ನಾವು ಟಿಕೆಟ್ ಕೇಳುವಾಗ ಆ ಹೆಸರುಗಳನ್ನೇ ಹೇಳ್ತೀವಿ.

ಇನ್ನು ಆ ರೈಲಿನಲ್ಲಿ ಬಂದವರು. ಗಣಿಯೊಳಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟಿನ ಆದಿದ್ರಾವಿಡರು. ಅವರ ಜೊತೆಗೆ ಚಿತ್ತೂರು, ಕಡಪ ಕಡೆಯ ತೆಲುಗು ಮಾತಾಡೋ ದಲಿತರು. ಊರಲ್ಲಿ ಜಮೀನ್ದಾರನ ಜೀತ, ಬರಗಾಲ, ಸಾಲ. ಇಲ್ಲಿ ಕೈಗೆ ರೊಕ್ಕದ ಕೂಲಿ. 20ನೇ ಶತಮಾನದ ಶುರುವಿಗೆ ಕೆಲಸಗಾರರ ಸಂಖ್ಯೆ 30 ಸಾವಿರ ದಾಟಿತ್ತು.

1853ರಲ್ಲಿ ಕಾರ್ಲ್ ಮಾರ್ಕ್ಸ್ ಅಮೆರಿಕದ ಪತ್ರಿಕೆಯೊಂದಕ್ಕೆ ಭಾರತದ ಬಗ್ಗೆ ಬರೀತಾ, ರೈಲಿನ ಹಿಂದೆ ಬರೋ ಕೈಗಾರಿಕೆ ಜಾತಿಗೆ ಆಧಾರವಾದ ವಂಶಪಾರಂಪರ್ಯದ ಕಸುಬನ್ನು ಕರಗಿಸುತ್ತದೆ ಅಂತ ಅಂದಾಜು ಮಾಡಿದ್ದ. ನಮ್ಮ ಎಡಪಂಥೀಯ ಗೆಳೆಯರು ಇದನ್ನು ಇವತ್ತಿಗೂ ಹೇಳ್ತಾರೆ. ಈ ಮಾತನ್ನು ಪರೀಕ್ಷೆ ಮಾಡೋಕೆ ಕೆಜಿಎಫ್‌ಗಿಂತ ಒಳ್ಳೆಯ ಜಾಗ ಇಲ್ಲ. ಅರ್ಧ ನಿಜ ಆಯ್ತು. ಜೀತದ ಆಳು ಗಣಿ ಕಾರ್ಮಿಕ ಆದ, ಊರ ಗೌಡನ ಕಣ್ಣಿಂದ ಪಾರಾದ. ಉಳಿದರ್ಧ ಸುಳ್ಳಾಯ್ತು. ಮೇಲೆ ಬಿಳಿಯರು, ಆಂಗ್ಲೋ ಇಂಡಿಯನ್ನರು, ಲೆಕ್ಕ ಬರೆಯೋಕೆ ಮೇಲ್ಜಾತಿಯವರು, ಮೂರು ಕಿಲೋಮೀಟರಿಗಿಂತ ಆಳದ ಬಿಸಿ ಬಂಡೆಯ ಮುಂದೆ ನಮ್ಮವರು. ಕಸುಬು ಬದಲಾಯ್ತು, ಜಾತಿ ಮಾತ್ರ ಶಿಫ್ಟಿನ ಪಟ್ಟಿಯೊಳಗೆ ಹೋಗಿ ಕೂತ್ಕೊಂಡ್ತು. ಕಾರ್ಮಿಕರ ಲೈನುಗಳ ಒಣ ಪಾಯಿಖಾನೆಗಳನ್ನು ಕೈಯಲ್ಲಿ ಬಳಿಯೋಕೆ ಬೇರೆ ದಲಿತ ಕುಟುಂಬಗಳು. ಬೆಜವಾಡ ವಿಲ್ಸನ್ ಹುಟ್ಟಿದ್ದು ಅಂಥ ಒಂದು ಮನೆಯಲ್ಲಿ, ಇದೇ ಕೆಜಿಎಫ್‌ನಲ್ಲಿ, 1966ರಲ್ಲಿ. ಅವರ ಅಣ್ಣ ಮೊದಲು ರೈಲ್ವೆಯಲ್ಲಿ ಮಲ ಬಳಿದರು, ಆಮೇಲೆ ಗಣಿ ಟೌನ್‌ಶಿಪ್ಪಿನಲ್ಲಿ. ಹಳಿ ಅಂದ್ರೆ ಆಧುನಿಕತೆ ಅನ್ನೋರು ಆ ಹಳಿ ಮೇಲೆ ಬಿದ್ದಿದ್ದನ್ನು ಯಾರು ಎತ್ತಿದರು ಅಂತಲೂ ಕೇಳಬೇಕು. ಸಫಾಯಿ ಕರ್ಮಚಾರಿ ಆಂದೋಲನದ ಬೇರು ಇಲ್ಲಿದೆ. 2016ರ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಒಂದು ದಿನ ಕರ್ನಾಟಕದವರು ಅಂತ ಹೇಳಿಕೊಂಡು ಖುಷಿಪಟ್ಟೆವು, ಮರುದಿನ ಮರೆತೆವು.

ಈಗ ನಾನು ಹೇಳಬೇಕು ಅಂದುಕೊಂಡಿರೋ ಮುಖ್ಯ ಮಾತಿಗೆ ಬರ್ತೀನಿ.

ಕರ್ನಾಟಕದ ದಲಿತ ಚಳವಳಿಯ ಚರಿತ್ರೆ ಹೇಳಿ ಅಂದ್ರೆ ನಮ್ಮ ಭಾಷಣಗಳೆಲ್ಲ 1973ರ ಬೂಸಾ ಪ್ರಕರಣದಿಂದ ಶುರುವಾಗ್ತವೆ. ಬಸವಲಿಂಗಪ್ಪನವರು, ಆಮೇಲೆ ಪ್ರೊ. ಬಿ. ಕೃಷ್ಣಪ್ಪನವರು, ದಸಂಸ. ಅದೆಲ್ಲ ಸರಿ, ಅದರ ಋಣ ನನ್ನ ಮೇಲೂ ಇದೆ. ಆದರೆ ಅದಕ್ಕೆ 66 ವರ್ಷ ಮೊದಲೇ, 1907ರಲ್ಲಿ, ಮಾರಿಕುಪ್ಪಂನಲ್ಲಿ ಗಣಿ ಕೂಲಿಗಳು ಶಾಕ್ಯ ಬೌದ್ಧ ಸಂಘದ ಶಾಖೆ ಕಟ್ಟಿದ್ದರು. ಪಂಡಿತ ಅಯೋತಿದಾಸರು 1898ರಲ್ಲಿ ಮದರಾಸಿನಲ್ಲಿ ಶುರು ಮಾಡಿದ ಸಂಘ ಅದು. ಅವರು 1907ರಲ್ಲೇ 'ಒರು ಪೈಸಾ ತಮಿಳನ್' ಅನ್ನೋ ವಾರಪತ್ರಿಕೆ ತಂದರು, ಆಮೇಲೆ ಅದು ಬರೀ 'ತಮಿಳನ್' ಆಯ್ತು. ರಾಯಪೇಟೆಯಲ್ಲಿ ಅಚ್ಚಾದ ಹಾಳೆ ಜೋಲಾರಪೇಟೆ ದಾಟಿ, ಬೌರಿಂಗ್‌ಪೇಟೆಯಲ್ಲಿ ಬದಲಾಗಿ, ಈ 16 ಕಿಲೋಮೀಟರ್ ಹಳಿ ಮೇಲೆ ಬಂದು ಗಣಿ ಲೈನುಗಳಲ್ಲಿ ಹರಡಿತು. ಓದು ಬಂದವನು ಗಟ್ಟಿಯಾಗಿ ಓದೋದು, ಬಾರದವರು ಕೇಳೋದು, ನಮ್ಮ ಕೇರಿಗಳಲ್ಲಿ ಪೇಪರ್ ಓದೋ ರೀತಿ ಇದೇ ಅಲ್ವಾ. ಯಂತ್ರಕ್ಕೆ, ಕಲ್ಲಿದ್ದಲಿಗೆ ಅಂತ ಹಾಕಿದ ಹಳಿ ಬುದ್ಧನನ್ನೂ ಹೊತ್ತು ತಂದಿತು. ಕಂಪನಿ ಅದಕ್ಕೆ ಬಾಡಿಗೆ ಹಾಕಿರಲಿಲ್ಲ.

ಅಯೋತಿದಾಸರ 'ಬುದ್ಧರ ಆದಿವೇದ' ಪುಸ್ತಕ ಜನಕ್ಕೆ ಸಿಗೋ ಹಾಗೆ ನೋಡಿಕೊಂಡಿದ್ದು ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕ ಶಾಲೆ. 1914ರಲ್ಲಿ ಅವರು ತೀರಿಕೊಂಡು ಕೆಲ ವರ್ಷಕ್ಕೆ ಪತ್ರಿಕೆ ನಿಂತಾಗ, 1926ರಲ್ಲಿ ಅದನ್ನು ಮತ್ತೆ ಎಬ್ಬಿಸಿದ್ದು ಕೆಜಿಎಫ್‌ನಿಂದಲೇ, ಜಿ. ಅಪ್ಪಾದುರೈಯಾರ್. ಯೋಚನೆ ಮಾಡಿ. ಮದರಾಸಿನಂಥ ಮಹಾನಗರದಲ್ಲಿ ಉಳಿಯದ ಪತ್ರಿಕೆಯನ್ನು ದಿನಗೂಲಿಗಳ ಊರು ಉಳಿಸಿಕೊಂಡಿತು. ಈ ಸಂಘದ ಜೊತೆಗಿದ್ದ ಲಕ್ಷ್ಮೀನರಸು ಅವರ ಬೌದ್ಧ ಧರ್ಮದ ಪುಸ್ತಕಕ್ಕೆ 1948ರಲ್ಲಿ ಮುನ್ನುಡಿ ಬರೆದು ಮರುಮುದ್ರಣ ಮಾಡಿಸಿದ್ದು ಬಾಬಾಸಾಹೇಬರು. ನಾಗಪುರದ ದೀಕ್ಷೆ 1956ರದ್ದು. ಅದಕ್ಕೂ ಅರ್ಧ ಶತಮಾನ ಮೊದಲೇ ಮಾರಿಕುಪ್ಪಂನಲ್ಲಿ ಬುದ್ಧ ವಂದನೆ ನಡೀತಿತ್ತು. ಜಿ. ಅಲೋಶಿಯಸ್ ಅವರು ಈ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ, ಗಣಿ ಕಾರ್ಮಿಕರ ಬಗ್ಗೆ ಜಾನಕಿ ನಾಯರ್ ಅವರದ್ದಿದೆ. ಎರಡೂ ಇಂಗ್ಲಿಷಿನಲ್ಲಿವೆ, ನಮ್ಮ ಅಧ್ಯಯನ ಶಿಬಿರಗಳಲ್ಲಿ ಅವುಗಳ ಹೆಸರು ಕೇಳೋದೇ ಅಪರೂಪ.

ಯಾಕೆ ಹೀಗಾಯ್ತು? ಅವರು ತಮಿಳರು ಅನ್ನೋ ಒಂದೇ ಕಾರಣ. "ಅದು ಬಿಡಪ್ಪಾ, ಅವರದ್ದು ಬೇರೆ" ಅನ್ನೋ ಮಾತನ್ನು ನಮ್ಮ ಸಭೆಗಳಲ್ಲೇ ಕೇಳಿದ್ದೀನಿ. ನಾಲ್ಕೈದು ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಮಣ್ಣಾದವರು, ಮೈಸೂರು ಸಂಸ್ಥಾನಕ್ಕೆ ಚಿನ್ನದ ರಾಜಧನ ಬರುವಂತೆ ದುಡಿದವರು, ನಮಗೆ ಬೇರೆಯವರು! 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತಗೊಳ್ಳೋಕೆ ಹೊರಟಾಗ, ನಾವೇನು ಕಳ್ಳರಾ ಅಂತ ಸುಮಾರು ಮೂರು ವಾರ ಕೆಲಸ ನಿಲ್ಲಿಸಿದವರು ಇವರು. 1946ರ ಮುಷ್ಕರದಲ್ಲಿ ಗುಂಡಿಗೆ ಸತ್ತವರೂ ಇವರೇ. ಸ್ವಾತಂತ್ರ್ಯ ಬಂದಮೇಲೆ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ಒಂದಕ್ಕಿಂತ ಹೆಚ್ಚು ಸಲ ವಿಧಾನಸಭೆಗೆ ಕಳಿಸಿದ ಊರಿದು. ಬಾಬಾಸಾಹೇಬರ ಪಕ್ಷ ಕರ್ನಾಟಕದಲ್ಲಿ ಗೆದ್ದಿತ್ತು ಅಂದ್ರೆ ನಮ್ಮ ಎಷ್ಟು ಹುಡುಗರು ನಂಬ್ತಾರೆ? ಸಿನಿಮಾದವರನ್ನು ಬೈಯೋದು ಸುಲಭ. 2018ರ ಚಿತ್ರದಲ್ಲಿ ಗುಲಾಮರನ್ನು ಬಿಡಿಸೋಕೆ ಹೊರಗಿಂದ ಒಬ್ಬ ಹೀರೋ ಬರಬೇಕಾಯ್ತು. ದುಡಿದವರ ಜಾತಿಯನ್ನು ಹೆಸರಿಟ್ಟು ಹೇಳೋಕೆ ಪಾ. ರಂಜಿತ್ ತಮಿಳಿನಲ್ಲಿ 'ತಂಗಲಾನ್' ಮಾಡಬೇಕಾಯ್ತು, 2024ರಲ್ಲಿ.

ಗಣಿ 2001ರ ಫೆಬ್ರುವರಿ ಕೊನೆಗೆ ಮುಚ್ಚಿತು. ಸುಮಾರು 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ಹೊರಗೆ ಹೋಗಿತ್ತು. ಉಳಿದಿದ್ದು ಸೈನೈಡ್ ಗುಡ್ಡ, ದೂಳು ತುಂಬಿದ ಶ್ವಾಸಕೋಶ, ಮತ್ತು ರೈಲು.

ರೈಲು ಉಳಿದಿದ್ದಕ್ಕೇ ಊರು ಉಳಿಯಿತು. ಗಣಿಗೆ ಜನರನ್ನು ತಂದ ಹಳಿ ಈಗ ದಿನಾ ಬೆಳಗಿನ ಜಾವ ಸಾವಿರಾರು ಜನರನ್ನು ಬೆಂಗಳೂರಿಗೆ ಒಯ್ಯುತ್ತೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಗಾರ್ಮೆಂಟ್ಸ್, ಕಟ್ಟಡ ಕೆಲಸ, ಆಸ್ಪತ್ರೆ ಆಯಾ, ಈಚೆಗೆ ಓದಿದ ಮಕ್ಕಳಿಗೆ ಕಂಪನಿ ಕೆಲಸ. ನಾನು ಬಂಗಾರಪೇಟೆಯಲ್ಲಿ ಹತ್ತೋ ಗುಮಾಸ್ತ. ಅಷ್ಟು ಹೊತ್ತಿಗೆ ಸೀಟೆಲ್ಲ ಮಾರಿಕುಪ್ಪಂ, ಚಾಂಪಿಯನ್ನಿನವರದ್ದು. ಅದು ಅವರ ಹಕ್ಕು ಅಂತ ನಾನು ನಿಂತೇ ಹೋಗ್ತೀನಿ (ಸೀಟು ಸಿಗಲ್ಲ ಅನ್ನೋದೂ ನಿಜ). ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ ಬರುತ್ತೆ. ಹೂ ಕಟ್ಟೋರು, ಇಸ್ಪೀಟು ಆಡೋರು, ಬಾಯಿ ತೆರೆದು ನಿದ್ದೆ ಹೊಡೆಯೋರು.

ಆದರೆ ರೈಲು ಅಂದ್ರೆ ಬರೀ ರೈಲಲ್ಲ, ಅದರ ಎರಡು ತುದಿ. ಈ ತುದಿಯಲ್ಲಿ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಯಿಂದ ಸ್ಟೇಷನ್ನಿಗೆ ಕತ್ತಲಲ್ಲಿ ಬರಬೇಕು. ಗಣಿ ಕಾಲದಲ್ಲಿ ಮನೆ, ಶಾಫ್ಟು, ಸ್ಟೇಷನ್ ಎಲ್ಲ ನಡಿಗೆ ದೂರದಲ್ಲಿದ್ದವು, ಹಾಗೇ ಕಟ್ಟಿದ್ದು. ಈಗ ಶೇರ್ ಆಟೊ ಸಿಕ್ಕಿದರೆ ಪುಣ್ಯ, ಇಲ್ಲಾಂದ್ರೆ ಕಾಲು. ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಬರ್ತಾರೆ. ಆ ತುದಿಯಲ್ಲಿ ವೈಟ್‌ಫೀಲ್ಡ್, ಕೆ.ಆರ್. ಪುರ, ಬೈಯಪ್ಪನಹಳ್ಳಿ, ದಂಡು, ಮೆಜೆಸ್ಟಿಕ್. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರಕ್ಕೆ ಮೆಟ್ರೊ ಬಂತು, ಅಕ್ಟೋಬರಿನಲ್ಲಿ ಅದು ಬೈಯಪ್ಪನಹಳ್ಳಿಗೆ ಕೂಡಿಕೊಂಡಿತು. ರೈಲಿಳಿದು ಮೆಟ್ರೊ ಹತ್ತೋ ಅನುಕೂಲ ಆಯ್ತು ಅಂತ ಎಲ್ಲರೂ ಬರೆದರು. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ 90 ರೂಪಾಯಿ ಮಾಡಿದಾಗ ನಮ್ಮ ಬೋಗಿಯವರ ಪಾಲಿಗೆ ಆ ಅನುಕೂಲ ಅಷ್ಟಕ್ಕಷ್ಟೇ ಆಯ್ತು. ನಿಜವಾಗಿ ಕೆಲಸಕ್ಕೆ ಬಂದಿದ್ದು 2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆ. ರೈಲಿಳಿದ ಹೆಂಗಸರು ಬಿಎಂಟಿಸಿ ಬಸ್ಸಿನಲ್ಲಿ ದುಡ್ಡಿಲ್ಲದೆ ಹೋಗ್ತಾರೆ. ಬಿಟ್ಟಿ ಭಾಗ್ಯ ಅಂತ ಗೇಲಿ ಮಾಡೋ ಸಹೋದ್ಯೋಗಿಗಳನ್ನು ಒಂದು ದಿನ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬೆಳಗ್ಗೆ ನಿಲ್ಲಿಸಬೇಕು.

ಈಗ ಲಾಕ್‌ಡೌನಿಗೆ ವಾಪಸ್ ಬರೋಣ. ರೈಲು ನಿಂತಾಗ ಕೆಲಸ ಉಳಿಸಿಕೊಳ್ಳೋಕೆ ಕೆಲವರು ಹತ್ತು ಜನ ಸೇರಿ ವ್ಯಾನು ಮಾಡಿಕೊಂಡರು, ಸಂಬಳದ ದೊಡ್ಡ ಪಾಲು ಅದಕ್ಕೇ ಹೋಯ್ತು. ಕೆಲವರು ಬೆಂಗಳೂರಿನಲ್ಲಿ ಒಂದು ರೂಮಿಗೆ ಆರು ಜನರಂತೆ ಸೇರಿಕೊಂಡರು. ಬಹಳ ಹೆಂಗಸರು ಕೆಲಸ ಬಿಟ್ಟರು, ಎಲ್ಲರೂ ಮತ್ತೆ ಹೋಗಲಿಲ್ಲ. ರೈಲು ಮತ್ತೆ ಶುರುವಾದಾಗ ಅದರ ಹೆಸರು 'ವಿಶೇಷ' ಆಗಿತ್ತು, ನಂಬರಿನ ಮುಂದೆ ಸೊನ್ನೆ. ಅದೇ ಹಳಿ, ಅದೇ ಡಬ್ಬಿ, ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲೋ ಅದೇ ಗಾಡಿ, ದರ ಮಾತ್ರ ಎಕ್ಸ್‌ಪ್ರೆಸ್ಸಿನದು. ಕನಿಷ್ಠ ಟಿಕೆಟ್ 10 ರೂಪಾಯಿ ಇದ್ದಿದ್ದು 30 ಆಯ್ತು. ತಿಂಗಳ ಪಾಸು ಬಹಳ ಕಾಲ ನಡೀಲಿಲ್ಲ. ಮಾರಿಕುಪ್ಪಂನಿಂದ ಬಂಗಾರಪೇಟೆ ಸಂತೆಗೆ ಸೊಪ್ಪು ಮಾರೋಕೆ ಹೋಗಿಬರೋ ಮುದುಕಿಗೆ ದಿನಕ್ಕೆ 20 ಇದ್ದದ್ದು 60 ಆದರೆ ಅವಳು ಏನು ಮಾರಬೇಕು, ಏನು ತಿನ್ನಬೇಕು? ಹಳೇ ದರ ಮತ್ತೆ ಬಂದಿದ್ದು 2024ರ ಫೆಬ್ರುವರಿ ಕೊನೆಗೆ, ಲೋಕಸಭಾ ಚುನಾವಣೆ ಹತ್ತಿರ ಬಂದಾಗ. ಹಾಗಾಗಿ ನಿಲ್ದಾಣ ಯಾವಾಗ ತೆರೀತು ಅಂತ ನನ್ನನ್ನು ಕೇಳಿದರೆ ನಾನು ಆ ತಾರೀಖೇ ಹೇಳ್ತೀನಿ. ಗೇಟು ತೆಗೆದ ದಿನ ಅಲ್ಲ, ಕೂಲಿಯವರು ಒಳಗೆ ಹೋಗೋಕೆ ಆದ ದಿನ.

ಬೆಂಗಳೂರು ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. 148 ಕಿಲೋಮೀಟರ್, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚೆಂದದ ಹೆಸರುಗಳು. ನಮ್ಮ ದಿಕ್ಕಿಗೆ ಬರೋ ಪಾರಿಜಾತ ವೈಟ್‌ಫೀಲ್ಡಿಗೆ ಮುಗಿಯುತ್ತೆ. ಉಪನಗರ ರೈಲು ಅಂದ್ರೆ ಏನು ಅಂತ ಹೆಸರಿಡೋದಕ್ಕೆ ಮೊದಲೇ ಅದನ್ನು ದಿನಾ ಬಳಸ್ತಾ ಇದ್ದ ಜನ ಆ ನಕ್ಷೆಯಿಂದ ಹೊರಗೆ. ಇತ್ತ ಮಾರಿಕುಪ್ಪಂನಿಂದ ಕುಪ್ಪಂಗೆ ಸುಮಾರು 23 ಕಿಲೋಮೀಟರ್ ಹೊಸ ಹಳಿ ಮಂಜೂರಾಗಿ ಹತ್ತು ವರ್ಷ ದಾಟಿದೆ. ಅದಾದರೆ ಮಾರಿಕುಪ್ಪಂ ಕೊನೇ ಸ್ಟೇಷನ್ ಆಗಿ ಉಳಿಯಲ್ಲ, ಚೆನ್ನೈ ದಾರಿಗೆ ನೇರ ಸೇರುತ್ತೆ.

ರೈಲ್ವೆ ವಿಭಾಗೀಯ ಕಚೇರಿಗೆ ಕೊಡೋಕೆ ಒಂದು ಅರ್ಜಿ ಬರೆದಿದ್ದೀನಿ, ಗುಮಾಸ್ತನಿಗೆ ಬರೋದು ಅದೊಂದೇ ವಿದ್ಯೆ. ಬೇಡಿಕೆ ಮೂರು. ಬೆಳಗಿನ ಮತ್ತು ರಾತ್ರಿಯ ರೈಲಿನ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯಿಂದ ಸಾರಿಗೆ ಬಸ್ಸು ಬಿಡಿಸೋದಕ್ಕೆ ರೈಲ್ವೆಯೇ ಸಾರಿಗೆ ನಿಗಮದ ಜೊತೆ ಮಾತಾಡಬೇಕು. ಸ್ಟೇಷನ್ ದಾರಿಗಳಿಗೆ ದೀಪ ಬೇಕು. ಮಾರಿಕುಪ್ಪಂ ಪ್ಲಾಟ್‌ಫಾರಂ ಮೇಲೆ 1907ರ ಸಂಘದ ಬಗ್ಗೆ, ಪಂಡಿತ ಅಯೋತಿದಾಸರ ಬಗ್ಗೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದ ಒಂದು ಫಲಕ ಬೇಕು. ಕನ್ನಡದ ಕರಡು ಆಗಿದೆ. ತಮಿಳು ಮತ್ತು ತೆಲುಗಿಗೆ ತಪ್ಪಿಲ್ಲದೆ ಬರೆದುಕೊಡೋರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಸಹಿ ಸಂಗ್ರಹ ರೈಲಿನಲ್ಲೇ ಮಾಡೋದು, ಬಂಗಾರಪೇಟೆ ಬರೋದ್ರೊಳಗೆ ಮೂರು ಬೋಗಿ ಮುಗಿಸಬಹುದು.