ಹುಸಿಪೆಟ್ಟಿನ ಎಣಿಕೆ: ತಾಳ, ಜ್ವರ ಮತ್ತು ಮೂಲಧಾತುಗಳ ಆವರ್ತ

ಆವರ್ತ, ಆವೃತ್ತಿ, ವೃತ್ತ, ಪರಿವರ್ತನೆ ಎಂಬ ಶಬ್ದಗಳು ಕನ್ನಡದಲ್ಲಿ ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗುತ್ತಿದ್ದರೂ ಅವೆಲ್ಲವೂ ‘ವೃತ್’ ಎಂಬ ಒಂದೇ ಸಂಸ್ಕೃತ ಧಾತುವಿನಿಂದ ಹುಟ್ಟಿದವು. ಇರುವುದು, ಸುತ್ತುವುದು, ತಿರುಗುವುದು ಆ ಧಾತುವಿನ ಅರ್ಥವ್ಯಾಪ್ತಿ. ‘ಆ’ ಎಂಬ ಉಪಸರ್ಗ ಸೇರಿದಾಗ ತಿರುಗಿ ಬರುವುದು ಎಂಬ ಭಾವ ಒದಗುತ್ತದೆ. ಪುಸ್ತಕ ಮತ್ತೆ ಅಚ್ಚಾದರೆ ಅದು ಎರಡನೆಯ ಆವೃತ್ತಿ. ತಾಳ ಒಂದು ಸುತ್ತು ಮುಗಿಸಿದರೆ ಒಂದು ಆವರ್ತ. ಕ್ಷೀರಬಲಾ ತೈಲವನ್ನು ಮತ್ತೆ ಮತ್ತೆ ಪಾಕಕ್ಕೆ ಒಳಪಡಿಸಿ ಸಿದ್ಧಗೊಳಿಸಿದ ವೈದ್ಯರು ಅದನ್ನು 101 ಆವರ್ತಿ ಎನ್ನುತ್ತಾರೆ. ರಸಾಯನಶಾಸ್ತ್ರದ ತರಗತಿಯ ಗೋಡೆಯ ಮೇಲೆ ತೂಗುವುದು ಆವರ್ತ ಕೋಷ್ಟಕ. ಕಾವ್ಯಕ್ಕೆ ಛಂದಸ್ಸಿನ ವೃತ್ತವನ್ನು ಕೊಟ್ಟ ಧಾತುವೇ ವಿಜ್ಞಾನಕ್ಕೂ ವೈದ್ಯಕ್ಕೂ ಸಂಗೀತಕ್ಕೂ ಪರಿಭಾಷೆಯನ್ನು ಒದಗಿಸಿದೆ.

ಒಂದೇ ಧಾತುವಿನಿಂದ ಬಂದ ಮಾತ್ರಕ್ಕೆ ಈ ಶಾಸ್ತ್ರಗಳು ಒಂದೇ ಆಗಲಾರವು. ಆದರೆ ಅವುಗಳ ಚರಿತ್ರೆಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಮಾನ ಸಂಗತಿ ಕಾಣುತ್ತದೆ. ಯಾವುದೋ ಒಂದು ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ಗುರುತಿಸುವುದು ಕಷ್ಟವಲ್ಲ. ಅದು ಬಾರದೆ ಇರುವ ನಡುವಣ ಕಾಲವನ್ನು ಎಣಿಕೆಗೆ ತಂದುಕೊಳ್ಳುವುದು ಕಷ್ಟ. ಆ ಎಣಿಕೆ ಎಲ್ಲೆಲ್ಲಿ ಸಾಧ್ಯವಾಯಿತೋ ಅಲ್ಲೆಲ್ಲ ಅನುಭವವು ಶಾಸ್ತ್ರವಾಯಿತು.

ತಾಳದಲ್ಲಿ ಹುಸಿ

ಕರ್ನಾಟಕ ಸಂಗೀತದ ಆದಿತಾಳದ ಆವರ್ತಕ್ಕೆ ಎಂಟು ಅಕ್ಷರಗಳು: ನಾಲ್ಕು ಅಕ್ಷರಗಳ ಒಂದು ಲಘು, ಎರಡೆರಡು ಅಕ್ಷರಗಳ ಎರಡು ದ್ರುತ. ಲಘುವಿನಲ್ಲಿ ಒಂದು ಘಾತ, ಬಳಿಕ ಮೂರು ಬೆರಳೆಣಿಕೆ. ದ್ರುತದಲ್ಲಿ ಒಂದು ಘಾತ, ಬಳಿಕ ಅಂಗೈಯನ್ನು ಮೇಲಕ್ಕೆ ತಿರುಗಿಸುವ ಒಂದು ನಿಶ್ಶಬ್ದ ಕ್ರಿಯೆ. ಈ ನಿಶ್ಶಬ್ದ ಕ್ರಿಯೆಗೆ ಕನ್ನಡದ ಸಂಗೀತ ಪಾಠದಲ್ಲಿ ಹುಸಿ ಎಂದು ಹೆಸರು. ಎಂಟು ಅಕ್ಷರಗಳಲ್ಲಿ ಸದ್ದಾಗುವ ಘಾತಗಳು ಮೂರು ಮಾತ್ರ. ಉಳಿದ ಐದನ್ನು ಕಿವಿ ಕೇಳುವುದಿಲ್ಲ, ಕೈ ಎಣಿಸುತ್ತದೆ. ಹುಸಿ ಎಂದರೆ ಸುಳ್ಳು ಎಂದೂ ಅರ್ಥ. ಆದರೆ ಹುಸಿಯನ್ನು ಎಣಿಸದ ಗಾಯಕನ ತಾಳ ತಪ್ಪುತ್ತದೆ. ಸದ್ದಿಲ್ಲದ ಪೆಟ್ಟು ತಾಳದ ಅಂಗವೇ ಹೊರತು ಅದರ ಅಭಾವವಲ್ಲ.

ಆವರ್ತದ ಇನ್ನೊಂದು ಲಕ್ಷಣವೂ ತಾಳದಲ್ಲೇ ಸ್ಪಷ್ಟವಾಗುತ್ತದೆ. ಎಂಟಕ್ಷರದ ತಾಳದ ಮೇಲೆ ಐದೈದು ಅಕ್ಷರಗಳ ಖಂಡಗತಿಯ ಗುಂಪುಗಳನ್ನು ಮೃದಂಗವಾದಕನು ಹೂಡಿದರೆ ಮೊದಲ ಆವರ್ತದ ಕೊನೆಯಲ್ಲಿ ಎರಡೂ ಕೂಡಿಬರುವುದಿಲ್ಲ. ನಲವತ್ತು ಅಕ್ಷರಗಳು ಸಂದಾಗ, ಅಂದರೆ ತಾಳದ ಐದು ಆವರ್ತಗಳೂ ಐದರ ಎಂಟು ಗುಂಪುಗಳೂ ಮುಗಿದಾಗ, ಎರಡು ಲೆಕ್ಕಗಳೂ ಒಟ್ಟಿಗೆ ಸಮಕ್ಕೆ ಬರುತ್ತವೆ. ಆ ಸಮ ಹಳೆಯ ಸುತ್ತಿನ ಮುಕ್ತಾಯವೂ ಹೌದು, ಹೊಸ ಸುತ್ತಿನ ಆರಂಭವೂ ಹೌದು.

ಕುಮಾರವ್ಯಾಸನ ಭಾರತದ ಭಾಮಿನೀ ಷಟ್ಪದಿಯಲ್ಲಿಯೂ ಇದೇ ತತ್ತ್ವ ಕೆಲಸಮಾಡುತ್ತದೆ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಬೆನ್ನಿಗೊಂದು ಬರುತ್ತ, ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ಹದಿನಾಲ್ಕು ಮಾತ್ರೆಗಳಾಗುತ್ತವೆ. ಮೂರನೆಯ ಮತ್ತು ಆರನೆಯ ಪಾದಗಳು ಆ ಜೋಡಿಯನ್ನು ಮೂರು ಸಲ ನಡೆಸಿ ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತವೆ. ಆ ಗುರುವಿನ ಬಳಿಕದ ನಿಲುಗಡೆಯನ್ನು ಬರೆಹ ತೋರಿಸುವುದಿಲ್ಲ. ಗಮಕಿಯ ಉಸಿರು ತೋರಿಸುತ್ತದೆ.

ಯುಗದ ಲೆಕ್ಕ

ಭಿನ್ನ ಗತಿಗಳು ಕೂಡುವ ಬಿಂದುವನ್ನು ಹುಡುಕುವ ಈ ಕ್ರಮ ಗಣಿತ ಜ್ಯೋತಿಷದಲ್ಲಿ ಬಹು ಪ್ರಾಚೀನವಾದುದು. ವೇದಾಂಗ ಜ್ಯೋತಿಷದಲ್ಲಿಯೂ ಜೈನಾಗಮಗಳ ಸೂರ್ಯಪ್ರಜ್ಞಪ್ತಿಯಲ್ಲಿಯೂ ಐದು ವರ್ಷಗಳ ಯುಗವೊಂದರ ಕಲ್ಪನೆಯಿದೆ. ಆ ಯುಗದಲ್ಲಿ 1830 ದಿನಗಳು. ಇಷ್ಟು ದಿನಗಳಲ್ಲಿ 60 ಸೌರಮಾಸ, 61 ಸಾವನಮಾಸ, 62 ಚಾಂದ್ರಮಾಸ ಮತ್ತು 67 ನಾಕ್ಷತ್ರಮಾಸಗಳು ಪೂರ್ಣಗೊಳ್ಳುತ್ತವೆ. ನಾಲ್ಕು ಬಗೆಯ ಮಾಸಗಳು ನಾಲ್ಕು ಗತಿಗಳಲ್ಲಿ ಹೊರಟು ಒಂದು ಸಮದಲ್ಲಿ ಸೇರುತ್ತವೆ. 60 ಮತ್ತು 62ರ ನಡುವಣ ಅಂತರವೇ ಯುಗವೊಂದರ ಎರಡು ಅಧಿಕಮಾಸಗಳು. ಮುಂದೆ ಸಿದ್ಧಾಂತ ಗ್ರಂಥಗಳ ಕಾಲಕ್ಕೆ ಅಧಿಕಮಾಸವನ್ನು ಸಂಕ್ರಾಂತಿಯೇ ಇಲ್ಲದ ಚಾಂದ್ರಮಾಸವೆಂದು ಗುರುತಿಸಲಾಯಿತು. ಸೂರ್ಯನ ಪೆಟ್ಟು ಬೀಳದ ತಿಂಗಳು ಅದು. ಅದನ್ನು ಲೆಕ್ಕಕ್ಕೆ ತಾರದಿದ್ದರೆ ಹಬ್ಬಗಳು ಋತುಗಳಿಂದ ಜಾರಿಹೋಗುತ್ತವೆ.

ಈ ಯುಗದ ಲೆಕ್ಕ ಪೂರ್ತಿ ನಿಖರವಾಗಿರಲಿಲ್ಲ. ಅದರ ಪ್ರಕಾರ ವರ್ಷಕ್ಕೆ 366 ದಿನಗಳು. ವಾಸ್ತವದಲ್ಲಿ ಸುಮಾರು 365¼. ಐದು ವರ್ಷಗಳಲ್ಲಿ ನಾಲ್ಕು ದಿನಗಳಿಗೆ ಸಮೀಪವಾದ ವ್ಯತ್ಯಾಸ. ಆದರೆ ಎಣಿಸಿದ್ದರಿಂದಲೇ ತಪ್ಪು ತಪ್ಪೆಂದು ತಿಳಿಯುವಂತಾಯಿತು. ಅಂದಾಜಿನ ತಪ್ಪನ್ನು ಯಾರೂ ತಿದ್ದಲಾರರು. ಸಂಖ್ಯೆಯ ತಪ್ಪನ್ನು ಮುಂದಿನ ತಲೆಮಾರು ತಿದ್ದಬಲ್ಲದು.

ಜ್ವರವಿಲ್ಲದ ದಿನ

ಎಣಿಕೆ ಪ್ರಾಣದ ಪ್ರಶ್ನೆಯಾದದ್ದು ವೈದ್ಯದಲ್ಲಿ. ಚಳಿಜ್ವರ ಹಿಡಿದವನು ನಡುಗುತ್ತಾನೆ, ಮೈ ಕಾಯುತ್ತದೆ, ಕೊನೆಗೆ ಬೆವರಿ ಜ್ವರ ಇಳಿಯುತ್ತದೆ. ಮರುದಿನ ಎದ್ದು ಓಡಾಡುತ್ತಾನೆ. ಗುಣವಾಯಿತೆಂದು ಮನೆಯವರು ನಂಬುತ್ತಾರೆ. ಅದರ ಮರುದಿನ ಸರಿಸುಮಾರು ಅದೇ ಹೊತ್ತಿಗೆ ನಡುಕ ಮತ್ತೆ ಬರುತ್ತದೆ. ಮಲೆನಾಡಿನ ಮನೆಗಳಿಗೆ ದಿನ ಬಿಟ್ಟು ದಿನ ಬರುವ ಈ ಜ್ವರದ ಪರಿಚಯ ಚೆನ್ನಾಗಿಯೇ ಇತ್ತು. ಜ್ವರವಿಲ್ಲದ ಆ ನಡುವಣ ದಿನ ಆರೋಗ್ಯವೋ, ರೋಗದ್ದೇ ಒಂದು ಭಾಗವೋ ಎಂಬುದು ವೈದ್ಯಶಾಸ್ತ್ರ ಬಿಡಿಸಬೇಕಾಗಿದ್ದ ಒಗಟು.

ಚರಕಸಂಹಿತೆಯ ಚಿಕಿತ್ಸಾಸ್ಥಾನವು ಜ್ವರಗಳನ್ನು ಅವುಗಳ ಕಾಲದ ಮೇಲೆ ವಿಂಗಡಿಸುತ್ತದೆ. ಬಿಡದೆ ಕಾಯುವುದು ಸಂತತ. ಹಗಲು ರಾತ್ರಿಗಳಲ್ಲಿ ಎರಡು ಬಾರಿ ಬರುವುದು ಸತತ. ದಿನಕ್ಕೊಮ್ಮೆ ಬರುವುದು ಅನ್ಯೇದ್ಯುಷ್ಕ. ಒಂದು ದಿನ ಬಿಟ್ಟು ಬರುವುದು ತೃತೀಯಕ. ಎರಡು ದಿನ ಬಿಟ್ಟು ಬರುವುದು ಚತುರ್ಥಕ. ನಡುವಣ ದಿನಗಳಲ್ಲಿ ರೋಗ ಎಲ್ಲಿರುತ್ತದೆ ಎಂಬ ಪ್ರಶ್ನೆಗೆ ಚರಕ ಕೊಡುವ ಹೋಲಿಕೆ ಬೀಜದ್ದು. ಬೀಜ ನೆಲದಲ್ಲಿ ಮಲಗಿದ್ದು ತನ್ನ ಕಾಲ ಬಂದಾಗ ಮೊಳೆಯುವಂತೆ ದೋಷವು ಧಾತುವಿನಲ್ಲಿ ಅಡಗಿದ್ದು ಕಾಲ ಬಂದಾಗ ಕೆರಳುತ್ತದೆ ಎಂಬುದು ಅದರ ತಾತ್ಪರ್ಯ. ಹುಸಿಪೆಟ್ಟು ತಾಳದ ಒಳಗಿರುವಂತೆ ಜ್ವರವಿಲ್ಲದ ದಿನವೂ ರೋಗದ ಒಳಗೇ ಇದೆ ಎಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ.

ಈ ಹೆಸರುಗಳ ಎಣಿಕೆಯೂ ಗಮನಾರ್ಹ. ದಿನ ಬಿಟ್ಟು ದಿನ ಬರುವ ಜ್ವರದ ಅವಧಿ 48 ಗಂಟೆ, ಅಂದರೆ ಎರಡು ದಿನ. ಆದರೂ ಅದರ ಹೆಸರು ತೃತೀಯಕ, ಮೂರನೆಯದು. ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸಿದ್ದರಿಂದ ಹೀಗಾಯಿತು. ಯುರೋಪಿನ ವೈದ್ಯರು ಲ್ಯಾಟಿನ್ನಿನಲ್ಲಿ ಇದೇ ಜ್ವರಗಳನ್ನು ಟರ್ಷಿಯಾನಾ, ಕ್ವಾರ್ಟಾನಾ ಎಂದು ಕರೆದಾಗಲೂ ಅದೇ ರೀತಿ ಎಣಿಸಿದರು. ಮರಳುವ ಬಿಂದುವನ್ನು ಎರಡೂ ಸುತ್ತುಗಳಿಗೆ ಸೇರಿಸಿ ನೋಡುವ ಅಭ್ಯಾಸ ಎರಡೂ ಪರಂಪರೆಗಳಲ್ಲಿ ಇತ್ತು.

ಹದಿನೇಳನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದಿಂದ ಸಿಂಕೋನಾ ಮರದ ತೊಗಟೆ ಯುರೋಪಿಗೆ ಬಂದ ಮೇಲೆ ಈ ಎಣಿಕೆಗೆ ಹೊಸ ಉಪಯೋಗ ಒದಗಿತು. ತೊಗಟೆ ಎಲ್ಲ ಜ್ವರಗಳಿಗೂ ನಾಟುತ್ತಿರಲಿಲ್ಲ. ಇಟಲಿಯ ಮೊಡೆನಾದ ವೈದ್ಯ ಫ್ರಾಂಚೆಸ್ಕೊ ಟೊರ್ಟಿ 1712ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೊಗಟೆಗೆ ಮಣಿಯುವ ಆವರ್ತಕ ಜ್ವರಗಳನ್ನು ಉಳಿದವುಗಳಿಂದ ಬೇರ್ಪಡಿಸಿದನು. ರೋಗಕಾರಣ ತಿಳಿಯುವ ಒಂದೂವರೆ ಶತಮಾನಕ್ಕೂ ಮೊದಲೇ, ಮರಳಿ ಬರುವ ಲಯವೊಂದನ್ನೇ ಆಧರಿಸಿ ಔಷಧವನ್ನು ನಿರ್ಣಯಿಸುವುದು ಸಾಧ್ಯವಾಗಿತ್ತು.

ಕಾರಣ ಕಂಡದ್ದು 1880ರಲ್ಲಿ. ಅಲ್ಜೀರಿಯಾದ ಕಾನ್‌ಸ್ಟಂಟೀನ್ ನಗರದ ಸೈನಿಕ ಆಸ್ಪತ್ರೆಯಲ್ಲಿ ಫ್ರೆಂಚ್ ವೈದ್ಯ ಅಲ್ಫೋನ್ಸ್ ಲಾವೆರಾನ್ ರೋಗಿಯ ರಕ್ತದಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡನು. ಕೆಲವೇ ವರ್ಷಗಳಲ್ಲಿ ಇಟಲಿಯ ಪವಿಯಾದಲ್ಲಿ ಕಮಿಲ್ಲೊ ಗಾಲ್ಜಿ ಜ್ವರದ ವೇಳಾಪಟ್ಟಿಯನ್ನೂ ರಕ್ತದೊಳಗಿನ ಜೀವಿಯ ಬೆಳವಣಿಗೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದನು. ಜ್ವರವಿಲ್ಲದ ದಿನಗಳಲ್ಲಿ ಪರಾವಲಂಬಿ ಕೆಂಪು ರಕ್ತಕಣದೊಳಗೆ ಬೆಳೆಯುತ್ತಿರುತ್ತದೆ. ಕಣ ಒಡೆದು ಹೊಸ ಪೀಳಿಗೆ ರಕ್ತಕ್ಕೆ ಹೊರಬರುವ ಗಳಿಗೆಯೇ ನಡುಕದ ಗಳಿಗೆ. ಒಂದು ಪ್ರಭೇದಕ್ಕೆ ಈ ಸುತ್ತು 48 ಗಂಟೆ, ಇನ್ನೊಂದಕ್ಕೆ 72. ಒಂದೇ ದೇಹದಲ್ಲಿ ಎರಡು ಪೀಳಿಗೆಗಳು ಒಂದು ದಿನದ ಅಂತರದಲ್ಲಿ ಬೆಳೆದರೆ 48 ಗಂಟೆಯ ಜ್ವರವೇ ದಿನವೂ ಬರುತ್ತದೆ. 72 ಗಂಟೆಯದಾದರೆ ಎರಡು ದಿನ ಜ್ವರ, ಒಂದು ದಿನ ಬಿಡುವು. ಚರಕ ಹೇಳುವ ಚತುರ್ಥಕವಿಪರ್ಯಯವೆಂಬ ಜ್ವರದ ಲಕ್ಷಣ ಈ ಕೊನೆಯದನ್ನು ಹೋಲುತ್ತದೆ. ಆಯುರ್ವೇದದ ವಿಷಮಜ್ವರವೂ ಮಲೇರಿಯಾವೂ ಒಂದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ವಿಷಮಜ್ವರದ ಪರಿಕಲ್ಪನೆ ಹೆಚ್ಚು ವಿಶಾಲವಾದುದು. ಆದರೆ ಹಾಸಿಗೆಯ ಪಕ್ಕದಲ್ಲಿ ಕುಳಿತು ದಿನಗಳನ್ನು ಎಣಿಸಿದವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತೆಂಬುದು ತಿಳಿಯುತ್ತದೆ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಇದೇ ಪರಾವಲಂಬಿಯನ್ನು ಗುರುತಿಸಿದ ಮೇಲೆ ಸುತ್ತಿನ ಹೊರಭಾಗವೂ ತಿಳಿಯಿತು. ಮಲೇರಿಯಾದ ಒಂದು ಬಗೆ ತಿಂಗಳುಗಟ್ಟಲೆ ಸುಮ್ಮನಿದ್ದು ಮರುಕಳಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು 1980ರ ದಶಕದ ಆರಂಭದಲ್ಲಿ. ಪರಾವಲಂಬಿಯ ಒಂದು ರೂಪ ಯಕೃತ್ತಿನಲ್ಲಿ ನಿದ್ರಾವಸ್ಥೆಯಲ್ಲಿ ಉಳಿದಿರುತ್ತದೆ. ನೆಲದಲ್ಲಿ ಮಲಗಿದ ಬೀಜದ ಹೋಲಿಕೆಗೆ ಇದಕ್ಕಿಂತ ಸಮೀಪವಾದ ದೃಷ್ಟಾಂತ ದೊರೆಯುವುದು ಕಷ್ಟ.

ಖಾಲಿ ಮನೆಗಳ ಕೋಷ್ಟಕ

ಕಾಲದಲ್ಲಿ ಮರಳುವುದನ್ನು ಎಣಿಸಿದಂತೆ ಗುಣದಲ್ಲಿ ಮರಳುವುದನ್ನು ಎಣಿಸಿದ್ದು ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರ. ಇಲ್ಲಿ ಸಂಗೀತ ನೇರವಾಗಿಯೇ ಪ್ರವೇಶಿಸುತ್ತದೆ. ಇಂಗ್ಲೆಂಡಿನ ಜಾನ್ ನ್ಯೂಲ್ಯಾಂಡ್ಸ್ ಮೂಲಧಾತುಗಳನ್ನು ಪರಮಾಣು ತೂಕದ ಏರುಕ್ರಮದಲ್ಲಿ ಜೋಡಿಸಿ, ಪ್ರತಿ ಎಂಟನೆಯದು ಮೊದಲನೆಯದನ್ನು ಹೋಲುತ್ತದೆಂದು ಕಂಡು, 1865ರಲ್ಲಿ ಅದಕ್ಕೆ ಅಷ್ಟಕಗಳ ನಿಯಮವೆಂದು ಹೆಸರಿಟ್ಟನು. ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿ ಮೇಲಿನ ಷಡ್ಜವನ್ನೂ ಸೇರಿಸಿ ಎಂಟೆಂದು ಎಣಿಸುತ್ತಾರೆ. ಭಾರತೀಯ ಸಂಗೀತ ಮರಳಿದ ಷಡ್ಜವನ್ನು ಬಿಟ್ಟು ಸಪ್ತಕವೆನ್ನುತ್ತದೆ. ನ್ಯೂಲ್ಯಾಂಡ್ಸ್‌ನ ಎಂಟೂ ತೃತೀಯಕ ಜ್ವರದ ಮೂರರಂತೆ ಮರಳುವ ಬಿಂದುವನ್ನು ಸೇರಿಸಿಕೊಂಡ ಎಂಟೇ.

1866ರ ಮಾರ್ಚ್ 1ರಂದು ಲಂಡನ್ನಿನ ಕೆಮಿಕಲ್ ಸೊಸೈಟಿಯಲ್ಲಿ ಅವನು ಈ ನಿಯಮವನ್ನು ಮಂಡಿಸಿದಾಗ, ಧಾತುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿದ್ದುಂಟೇ ಎಂದು ಜಾರ್ಜ್ ಕೇರಿ ಫಾಸ್ಟರ್ ಪ್ರಶ್ನಿಸಿದನು. ಸೊಸೈಟಿ ಆ ಪ್ರಬಂಧವನ್ನು ಅಚ್ಚುಹಾಕಲಿಲ್ಲ. ಅಪಹಾಸ್ಯ ನ್ಯಾಯವಾಗಿರಲಿಲ್ಲ, ಆದರೆ ಕೋಷ್ಟಕದಲ್ಲಿ ದೋಷವಿತ್ತು. ನ್ಯೂಲ್ಯಾಂಡ್ಸ್ ಎಲ್ಲ ಮನೆಗಳನ್ನೂ ಆಗ ತಿಳಿದಿದ್ದ ಧಾತುಗಳಿಂದಲೇ ತುಂಬಿದ್ದನು. ಲೆಕ್ಕ ಸರಿಹೊಂದಿಸಲು ಕೆಲವೆಡೆ ಒಂದೇ ಮನೆಯಲ್ಲಿ ಎರಡನ್ನು ಕೂರಿಸಿದ್ದನು. ಅವನ ತಾಳದಲ್ಲಿ ಹುಸಿಗೆ ಎಡೆಯಿರಲಿಲ್ಲ.

ರಷ್ಯದ ದ್ಮಿತ್ರಿ ಮೆಂಡಲೀವ್ 1869ರಲ್ಲಿ ತನ್ನ ಕೋಷ್ಟಕವನ್ನು ಪ್ರಕಟಿಸಿದಾಗ ಮುಖ್ಯ ವ್ಯತ್ಯಾಸವಾದದ್ದು ಇಲ್ಲಿಯೇ. ಗುಣಸಾಮ್ಯ ಕೆಡುವಲ್ಲಿ ಅವನು ಧಾತುವನ್ನು ಬಲವಂತವಾಗಿ ಕೂರಿಸದೆ ಮನೆಯನ್ನು ಖಾಲಿ ಬಿಟ್ಟನು. 1871ರಲ್ಲಿ ಮೂರು ಖಾಲಿ ಮನೆಗಳ ಗುಣಗಳನ್ನು ವಿವರವಾಗಿ ಮುನ್ನುಡಿದು ಅವುಗಳಿಗೆ ಏಕ-ಬೋರಾನ್, ಏಕ-ಅಲ್ಯುಮಿನಿಯಂ, ಏಕ-ಸಿಲಿಕಾನ್ ಎಂದು ಸಂಸ್ಕೃತದ ಸಂಖ್ಯಾಪದ ಸೇರಿಸಿ ಹೆಸರಿಟ್ಟನು. ತಿಳಿದ ಧಾತುವಿನಿಂದ ಒಂದು ಮನೆ ಆಚೆ ಎಂಬುದು ಈ ‘ಏಕ’ದ ಅರ್ಥ. ಇಲ್ಲಿ ಎಣಿಕೆ ಹೊರಟ ಮನೆಯನ್ನು ಬಿಟ್ಟು ಮುಂದಿನದರಿಂದ ಆರಂಭವಾಗುತ್ತದೆ.

1875ರಲ್ಲಿ ಫ್ರಾನ್ಸಿನ ಲಕೊಕ್ ದ ಬ್ವಾಬೊದ್ರಾನ್ ಗ್ಯಾಲಿಯಂ ಧಾತುವನ್ನು ಕಂಡುಹಿಡಿದು ಅದರ ಸಾಂದ್ರತೆಯನ್ನು 4.7 ಎಂದು ಅಳೆದನು. ಅದು 5.9ರ ಸಮೀಪ ಇರಬೇಕೆಂದು, ಲೋಹವನ್ನು ಕಣ್ಣಾರೆ ಕಾಣದ ಮೆಂಡಲೀವ್ ಬರೆದು ತಿಳಿಸಿದನು. ಶುದ್ಧಗೊಳಿಸಿ ಮತ್ತೆ ಅಳೆದಾಗ ದೊರೆತದ್ದು 5.9. ಸ್ಕ್ಯಾಂಡಿಯಂ 1879ರಲ್ಲಿ, ಜರ್ಮೇನಿಯಂ 1886ರಲ್ಲಿ ದೊರೆತು ಉಳಿದೆರಡು ಮನೆಗಳೂ ತುಂಬಿದವು. 1887ರಲ್ಲಿ ರಾಯಲ್ ಸೊಸೈಟಿ ನ್ಯೂಲ್ಯಾಂಡ್ಸ್‌ನಿಗೆ ಡೇವಿ ಪದಕ ಕೊಟ್ಟು ಗೌರವಿಸಿತು.

1894ರಲ್ಲಿ ರೇಲಿ ಮತ್ತು ರ‍್ಯಾಮ್ಸೆ ಆರ್ಗಾನ್ ಅನಿಲವನ್ನು ಕಂಡುಹಿಡಿದರು. ಅದರ ಬಳಗದ ಇತರ ಜಡಾನಿಲಗಳೂ ಒಂದೊಂದಾಗಿ ಸೇರಿದವು. ಆಗ ಮೊದಲ ಸಾಲುಗಳಲ್ಲಿ ಹೋಲಿಕೆ ಮರಳುವುದು ಎಂಟನೆಯದರಲ್ಲಿ ಅಲ್ಲ, ಒಂಬತ್ತನೆಯದರಲ್ಲಿ ಎಂದಾಯಿತು. ಸಂಗೀತದ ಅಷ್ಟಕದ ಉಪಮೆ ಮುರಿಯಿತು; ಆವರ್ತದ ನಿಯಮ ಉಳಿಯಿತು. ಟೆಲ್ಯೂರಿಯಂ ಮತ್ತು ಅಯೋಡಿನ್‌ಗಳು ತೂಕದ ಕ್ರಮಕ್ಕೆ ವಿರುದ್ಧವಾಗಿ ಕುಳಿತಿದ್ದ ತೊಡಕನ್ನು 1913ರಲ್ಲಿ ಹೆನ್ರಿ ಮೋಸ್ಲಿಯ ಪ್ರಯೋಗಗಳು ಬಿಡಿಸಿದವು. ಎಣಿಸಬೇಕಾದದ್ದು ತೂಕವನ್ನಲ್ಲ, ಪರಮಾಣು ಸಂಖ್ಯೆಯನ್ನು ಎಂದು ತಿಳಿದುಬಂದಿತು.

ಎಣಿಕೆಯ ಮಿತಿ

ಆವರ್ತದ ಜ್ಞಾನಕ್ಕೆ ಅಪಾಯವೂ ಉಂಟು. ಲಯವನ್ನು ಕಂಡವನಿಗೆ ಎಲ್ಲೆಲ್ಲಿಯೂ ಅದೇ ಲಯ ಕಾಣತೊಡಗುತ್ತದೆ. ಮಲೇರಿಯಾಗಳಲ್ಲಿ ಅತ್ಯಂತ ಮಾರಕವಾದ ಫ್ಯಾಲ್ಸಿಪಾರಂ ಬಗೆಯಲ್ಲಿ ಜ್ವರವು ಅನೇಕ ವೇಳೆ ಯಾವ ಕ್ರಮವನ್ನೂ ಪಾಲಿಸುವುದಿಲ್ಲ. ಅದು ದಿನ ಬಿಟ್ಟು ದಿನ ಬರಲೆಂದು ಕಾದು ಕುಳಿತ ವೈದ್ಯನು ರೋಗಿಯನ್ನು ಕಳೆದುಕೊಳ್ಳಬಹುದು. ಸ್ವರಗಳ ಸಂಖ್ಯೆಯನ್ನು ಧಾತುಗಳಿಗೆ ಹೊಂದಿಸಿದ ನ್ಯೂಲ್ಯಾಂಡ್ಸ್ ನಿಜವಾದ ಆವರ್ತವನ್ನು ಕಂಡಿದ್ದರೂ ಅದರ ಅಳತೆಯನ್ನು ಬೇರೆ ಶಾಸ್ತ್ರದಿಂದ ಎರವಲು ತಂದಿದ್ದನು.

ಪ್ರತಿಯೊಂದು ಆವರ್ತವೂ ತನ್ನ ಅಳತೆಯನ್ನು ತಾನೇ ನಿರ್ಧರಿಸುತ್ತದೆ; ಒಂದರ ಸಂಖ್ಯೆಯನ್ನು ಇನ್ನೊಂದರ ಮೇಲೆ ಹೇರುವಂತಿಲ್ಲ. ಒಂದು ಶಾಸ್ತ್ರ ಇನ್ನೊಂದರಿಂದ ಕಲಿಯಬಹುದಾದದ್ದು ಸಂಖ್ಯೆಯನ್ನಲ್ಲ, ಎಣಿಸುವ ಶಿಸ್ತನ್ನು. ಬೆವರಿ ಎದ್ದು ಕುಳಿತವನ ನಾಡಿಯನ್ನು ಮತ್ತೆ ಹಿಡಿದು ನೋಡುವ ವೈದ್ಯನಿಗೂ, ದೊರೆಯದ ಧಾತುವಿಗಾಗಿ ಮನೆಯೊಂದನ್ನು ಖಾಲಿ ಬಿಡುವ ವಿಜ್ಞಾನಿಗೂ, ಸದ್ದಿಲ್ಲದ ಕಡೆ ಅಂಗೈ ತಿರುಗಿಸುವ ಗಾಯಕನಿಗೂ ಸಮಾನವಾದದ್ದು ಆ ಶಿಸ್ತು.