ಉಪ್ಪುನೀರಿನ ಲೆಕ್ಕ

ಕಳೆದ ದೀಪಾವಳಿಗೆ ಇಳಕಲ್ಲಿನ ತಂಗಿಯ ಮನೆಗೆ ಹೋದಾಗ ಸೋದರಳಿಯ ಹಟ ಹಿಡಿದು ಕೂತಿದ್ದ. ‘ಫೈಂಡಿಂಗ್ ನೆಮೊ’ ನೋಡಿದ್ದನಂತೆ, ಆ ಕಿತ್ತಳೆ ಬಣ್ಣದ ಪಟ್ಟೆಮೀನೇ ಬೇಕು. “ಮಾಮಾ, ಸಿಹಿನೀರಿನ ಮೀನ ಬ್ಯಾಡ, ಸಮುದ್ರದ್ದ ಬೇಕು” ಎಂದ. ಮರುದಿನ ಬಾಗಲಕೋಟೆಗೆ ಹೋದವನು ನವನಗರದ ಅಂಗಡಿಯೊಂದರಲ್ಲಿ ವಿಚಾರಿಸಿದೆ. ನೂರು ಲೀಟರಿನ ಗಾಜಿನ ತೊಟ್ಟಿ, ಫಿಲ್ಟರು, ಗಾಳಿಯ ಪಂಪು, ಲೈಟು, ಒಂದು ಡಜನ್ ಗಪ್ಪಿ ಮೀನು, ಎಲ್ಲ ಸೇರಿ 7,500 ರೂಪಾಯಿ. ಅಷ್ಟೇ ದೊಡ್ಡ ಕಡಲ ತೊಟ್ಟಿಗೆ 42,000, ಅದೂ ಮೀನು ಬಿಟ್ಟು. ಚೀಟಿ ನೋಡಿದ ತಂಗಿ, “ಅಣ್ಣಾ, ಇದು ಎಷ್ಟು ಸೀರಿ ಆತು?” ಎಂದು ಕೇಳಿದಳು. ಅವರದು ಕುಣಿಮಗ್ಗದ ಮನೆ. ಅಲ್ಲಿ ಎಲ್ಲ ಲೆಕ್ಕವೂ ಸೀರೆಯ ಮಜೂರಿಯಲ್ಲೇ.

ಇಷ್ಟೊಂದು ಅಂತರ ಯಾಕೆ ಎಂದು ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕಿದ್ದು ನಮ್ಮದೇ ರಾಜ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ಯಾವುದಕ್ಕೆ ಎಂಥ ಮೇವು ಎಂದು ಆತ ವಿಂಗಡಿಸಿ ಹೇಳುತ್ತಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಒಂದು ಲೇಖನವನ್ನೇ ಬರೆದರು. ಆದರೆ ರಾಜನ ವಿನೋದ ಗಾಳ ಹಾಕುವುದು, ಗಾಜಿನೊಳಗಿಟ್ಟು ನೋಡುವುದಲ್ಲ. ಖರ್ಚಿನ ಮಾತಂತೂ ಅಲ್ಲಿ ಬರುವುದೇ ಇಲ್ಲ, ಭಂಡಾರ ಅವನದೇ ತಾನೆ.

ಖರ್ಚಿನ ನಿಜವಾದ ಚರಿತ್ರೆ ಇರುವುದು ಇಂಗ್ಲೆಂಡಿನಲ್ಲಿ. 1846ರಲ್ಲಿ ಆ್ಯನಾ ಥಿನ್ ಎಂಬ ಪಾದ್ರಿಯ ಹೆಂಡತಿ ಟಾರ್ಕಿ ಎಂಬ ಕಡಲೂರಿನಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ನಮ್ಮ ಇಳಕಲ್ಲಿನಿಂದ ಕಾರವಾರಕ್ಕೆ ಇರುವಷ್ಟೇ ದೂರ, ಹೆಚ್ಚುಕಡಿಮೆ. ಅಲುಗಾಡಿ ಸಾಯದಿರಲೆಂದು ಅವನ್ನು ಸೂಜಿದಾರದಿಂದ ಸ್ಪಂಜಿಗೆ ಹೊಲಿದಿದ್ದಳಂತೆ. (ಇದನ್ನು ಕೇಳಿ ತಂಗಿಗೆ ಬಹಳ ಖುಷಿಯಾಯಿತು.) ತಂದ ಕಡಲನೀರು ಕೆಡಬಾರದು, ಮತ್ತೆ ತರುವುದು ದುಬಾರಿ. ಹಾಗಾಗಿ ದಿನಾ ಅರ್ಧ ಮುಕ್ಕಾಲು ಗಂಟೆ ತೆರೆದ ಕಿಟಕಿಯ ಮುಂದೆ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ನೀರಿಗೆ ಗಾಳಿ ಸೇರಲಿ ಅಂತ. ಆ ಕೆಲಸ ಬಿದ್ದದ್ದು ಹೆಚ್ಚಾಗಿ ಮನೆಗೆಲಸದ ಹುಡುಗಿಯ ಪಾಲಿಗೆ. ಆಕೆಯ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಅದರ ಹಿಂದಿನ ವರ್ಷವಷ್ಟೇ, 1845ರಲ್ಲಿ, ಬ್ರಿಟನ್ನು ಗಾಜಿನ ಮೇಲಿನ ಸುಂಕ ತೆಗೆದುಹಾಕಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ತಂದ. ಆ ಹೆಸರು ಊರೆಲ್ಲ ಬಳಕೆಗೆ ಬಂದದ್ದು ಅಲ್ಲಿಂದ. ಅಡುಗೆಯ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೃತಕ ಕಡಲನೀರು ಮಾಡುವ ಬಗೆಯನ್ನೂ ಆತ ಪ್ರಕಟಿಸಿದ. ಕಡಲಿಲ್ಲದ ಊರಿಗೆ ಕಡಲು ಬಂದದ್ದು ಈ ಪುಡಿಯಿಂದಲೇ.

ಇವತ್ತಿನ ಖರ್ಚಿನ ಬುಡವೂ ಇದೇ ಪುಡಿ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ನೂರು ಲೀಟರಿಗೆ ಮೂರೂವರೆ ಕೆ.ಜಿ. ಬೇಕು. ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ ವರ್ಷಕ್ಕೆ 18 ಕೆ.ಜಿ. ದಾಟುತ್ತದೆ. ಅಡುಗೆಯ ಉಪ್ಪಿನ ಹತ್ತು ಪಟ್ಟು ಬೆಲೆ ಅದಕ್ಕೆ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಕಾದರೆ ಇನ್ನೂ ಕಡಿಮೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ಬಿಸಿಲು, ಆ ಮೀನಿಗೆ ಬೇಕಾದದ್ದು 25ರ ಆಸುಪಾಸು. ಹಾಗಾಗಿ ನೀರು ತಂಪು ಮಾಡುವ ಯಂತ್ರ ಬೇಕು, ಅದರ ಕರೆಂಟು ಬಿಲ್ಲು ಬೇರೆ. ಬೋರಿನ ಗಡಸು ನೀರು ನಡೆಯದು, ಆರ್‌ಓ ನೀರೇ ಬೇಕು. ಒಂದು ಕೊಡ ಆರ್‌ಓ ನೀರಿಗೆ ಎರಡು ಮೂರು ಕೊಡ ಚರಂಡಿಗೆ ಹೋಗುತ್ತದೆ. ನಲ್ಲಿ ಬರುವ ದಿನಕ್ಕೆ ಡ್ರಮ್ಮು ಸಾಲುಹಚ್ಚುವ ಮನೆಯಲ್ಲಿ ಇದನ್ನು ಹೇಳಲು ನನಗೇ ನಾಚಿಕೆಯಾಯಿತು. ಮೇಲೆ ಗಟ್ಟಿ ಹವಳಕ್ಕೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅಲಂಕಾರಕ್ಕೆ ಸಾಕುವ ಹಾಗಿಲ್ಲ. ಪಟ್ಟೆಮೀನಿನ ಮರಿಗಳನ್ನು ತಮಿಳುನಾಡಿನ ಮಂಡಪಂ ಸಂಶೋಧನಾ ಕೇಂದ್ರದಲ್ಲಿ ಬೆಳೆಸುತ್ತಾರೆ. ಅದೊಂದು ಸಮಾಧಾನ. ಉಳಿದ ಕಡಲ ಮೀನುಗಳಲ್ಲಿ ಹೆಚ್ಚಿನವು ಈಗಲೂ ಕಡಲಿನಿಂದ ಹಿಡಿದು ತಂದವೇ. ಗಪ್ಪಿ ಹಾಗಲ್ಲ, ತೊಟ್ಟಿಯಲ್ಲೇ ಮರಿಹಾಕಿ ನೆರೆಮನೆಗೂ ಹಂಚುವಷ್ಟಾಗುತ್ತದೆ.

ಹುಡುಗನಿಗೆ ಇದನ್ನೆಲ್ಲ ಹೇಳಿ ಒಪ್ಪಿಸುವ ಶಕ್ತಿ ನನಗಿರಲಿಲ್ಲ. ಭಾನುವಾರ ಹುನಗುಂದ ಮಾರ್ಗವಾಗಿ ಬಾದಾಮಿಗೆ ಕರೆದುಕೊಂಡು ಹೋದೆ. ಎರಡನೆಯ ಗುಹೆಯ ಚಾವಣಿಯಲ್ಲಿ ಗಾಲಿಯ ಅರಗಳ ಹಾಗೆ ಮೀನು ಕೊರೆದಿದ್ದಾರೆ. ಕತ್ತು ನೋಯುವವರೆಗೆ ಎಣಿಸಿ, “ಹದಿನಾರು ಅದಾವ ಮಾಮಾ. ಇವು ಉಪ್ಪುನೀರಿನ ಮೀನೇನು?” ಎಂದು ಕೇಳಿದ. ಇದೇ ವಂಶದ ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ಊರನ್ನು ನೂರಾರು ಹಡಗುಗಳಿಂದ ಮುತ್ತಿದ್ದನೆಂದು 634ರ ಐಹೊಳೆ ಶಾಸನ ಹೇಳುತ್ತದೆ, ಅಂದರೆ ಇಲ್ಲಿನವರಿಗೆ ಕಡಲು ಗೊತ್ತಿತ್ತು. ಆದರೂ ಶಿಲ್ಪಿಯ ಕಣ್ಣಮುಂದೆ ಇದ್ದದ್ದು ಮಲಪ್ರಭೆಯೇ ಇರಬೇಕು ಅಂತ ನನ್ನ ಊಹೆ. “ಹೊಳೀ ಮೀನ” ಎಂದೆ. ಅವನು ಸುಮ್ಮನಾದ.

ಈಗ ಮಗ್ಗದ ಪಕ್ಕದ ಗೋಡೆಗೆ ಗಪ್ಪಿಯ ತೊಟ್ಟಿ ಇದೆ. ಮೊನ್ನೆ ಹೋದಾಗ ಮಧ್ಯಾಹ್ನ ಕರೆಂಟು ಹೋಗಿ ಗಾಳಿಯ ಪಂಪು ನಿಂತಿತ್ತು. ತಂಗಿ ಲಾಳಿ ಕೆಳಗಿಟ್ಟು ಎದ್ದು ಬಂದು, ತಂಬಿಗೆಯಲ್ಲಿ ತೊಟ್ಟಿಯ ನೀರು ಮೊಗೆದು ಮೊಗೆದು ಮೇಲಿನಿಂದ ಸುರಿಯುತ್ತಿದ್ದಳು. “ಎಷ್ಟೊತ್ತು ಹಿಂಗ?” ಎಂದೆ. “ಕರೆಂಟ್ ಬರೂತನಕ” ಅಂದಳು.