ತೂತು ದುಂಡಗಿದೆ ಅಂತ ಹೇಳೋದು ಯಾರು? ಬೋರ್ ಗೇಜ್‌ನ ಕಥೆ

ಇವತ್ತಿನ ಕಂತು ತೂತಿನ ಬಗ್ಗೆ. ನಗಬೇಡಿ, ನಿಮ್ಮ ಬೈಕಿನ ಎಂಜಿನ್ ಒಳಗೆ ಪಿಸ್ಟನ್ ಓಡಾಡೋದು ಒಂದು ತೂತಿನಲ್ಲೇ. ಅದನ್ನು ಅಳೆಯೋಕೆ ಯಾವ ಬೋರ್ ಗೇಜ್ ತಗೋಬೇಕು ಅನ್ನೋದು ಗ್ಯಾರೇಜಿನಲ್ಲಿ, ಲೇತ್ ಮೇಲೆ ಕೆಲಸ ಕಲಿಯೋರ ಮಾಮೂಲಿ ಪ್ರಶ್ನೆ. ಬೆಲೆ ನೋಡೋಕೆ ಮುಂಚೆ ಒಂದು 250 ವರ್ಷ ಹಿಂದಕ್ಕೆ ಹೋಗಿಬರೋಣ.

1769ರಲ್ಲಿ ಜೇಮ್ಸ್ ವಾಟ್‌ಗೆ ಹೊಸ ಉಗಿಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಕಾಗದದ ಮೇಲೆ ಎಲ್ಲ ಸರಿ. ಆದರೆ ಸಿಲಿಂಡರನ್ನು ದುಂಡಗೆ ಕೊರೆಯೋರು ಇರಲಿಲ್ಲ. ಆಗಿನ ಯಂತ್ರದಲ್ಲಿ ಉದ್ದ ಸರಳಿನ ತುದಿಗೆ ಕತ್ತರಿಸುವ ತಲೆ ಇರ್ತಿತ್ತು, ಅದು ಎರಕದ ಒಳಗೋಡೆಗೇ ಒರಗಿ ಮುಂದೆ ಸಾಗ್ತಿತ್ತು. ಎರಕ ಎಲ್ಲಿ ಸೊಟ್ಟವೋ ತೂತೂ ಅಲ್ಲಿ ಸೊಟ್ಟ. ಸಂದಿಯಿಂದ ಉಗಿ ಸೋರೋದು. ವಾಟ್ ಚಿಂದಿಬಟ್ಟೆ, ಬೆಂಡು, ಕಾಗದ, ಕೈಗೆ ಸಿಕ್ಕಿದ್ದೆಲ್ಲ ತುರುಕಿ ನೋಡಿದ. ಇಂಥ ಯಂತ್ರ ಮಾಡೋಕೆ ಬೇಕಾದ ಉಪಕರಣವೂ ಇಲ್ಲ, ಕೆಲಸಗಾರರೂ ಇಲ್ಲ ಅಂತ ಆ ಕಾಲದ ದೊಡ್ಡ ಎಂಜಿನಿಯರ್ ಜಾನ್ ಸ್ಮೀಟನ್ ಹೇಳಿಬಿಟ್ಟಿದ್ದ.

ದಾರಿ ತೋರಿಸಿದ್ದು ಫಿರಂಗಿ ಕೊರೆಯುತ್ತಿದ್ದ ಜಾನ್ ವಿಲ್ಕಿನ್ಸನ್. 1775ರಲ್ಲಿ ಅವನು ಕೊರೆಯುವ ಸರಳನ್ನು ಸಿಲಿಂಡರಿನ ಆಚೆಗೂ ತೂರಿಸಿ ಎರಡೂ ತುದಿಗೆ ಆಧಾರ ಕೊಟ್ಟ. ಅಷ್ಟೇ ಬದಲಾವಣೆ! ಮರುವರ್ಷ ವಾಟ್‌ನ ಪಾಲುದಾರ ಬೋಲ್ಟನ್ ಹೆಮ್ಮೆಯಿಂದ ಬರೆದ: 50 ಇಂಚು ಅಗಲದ ಸಿಲಿಂಡರಿನಲ್ಲಿ ಎಲ್ಲೂ ಹಳೇ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ತಪ್ಪಿಲ್ಲ ಅಂತ. ಕೈಗಾರಿಕಾ ಕ್ರಾಂತಿಯ ಹೊಸ್ತಿಲಲ್ಲಿ ನಿಖರತೆಗೆ ಹೋಲಿಕೆಯಾಗಿ ಸಿಕ್ಕಿದ್ದು ಜೇಬಿನ ಚಿಲ್ಲರೆ ನೋಡಿ. ಈಗಿನ ಬೈಕಿನ ಸಿಲಿಂಡರಿನಲ್ಲಿ ಅಷ್ಟು ತಪ್ಪಿದ್ರೆ ಎಂಜಿನ್ ಗುಜರಿಗೆ.

ಉಗಿಯಂತ್ರದವರಿಗಿಂತ ಮುಂಚೆಯೇ ತೂತಿನ ಭಯ ಇದ್ದದ್ದು ಫಿರಂಗಿಯವರಿಗೆ. ಗುಂಡಿಗೂ ಕೊಳವೆಗೂ ನಡುವೆ ಸಂದಿ ಜಾಸ್ತಿಯಾದ್ರೆ ಅನಿಲ ಪಕ್ಕದಿಂದ ನುಗ್ಗಿ ಹೊಡೆತ ಪೊಳ್ಳಾಗುತ್ತೆ. ತೀರಾ ಕಡಿಮೆಯಾದ್ರೆ ಗುಂಡು ಸಿಕ್ಕಿಕೊಂಡು ಫಿರಂಗಿಯೇ ಸಿಡಿಯಬಹುದು, ಪಕ್ಕದಲ್ಲಿ ನಿಂತವರ ಕಥೆ ಮುಗೀತು. ಫ್ರಾನ್ಸಿನಲ್ಲಿ ಗ್ರಿಬೋವಾಲ್ ಫಿರಂಗಿದಳವನ್ನು ಸುಧಾರಿಸಿದಾಗ ಬಳಕೆಗೆ ತಂದ ಸಾಧನದ ಹೆಸರು 'ಚಲಿಸುವ ನಕ್ಷತ್ರ'. ಉದ್ದ ಕೋಲಿನ ತಲೆಯಲ್ಲಿ ಉಕ್ಕಿನ ಮೊನೆಗಳು. ಅವನ್ನು ಕತ್ತಲ ಕೊಳವೆಯ ಆಳದಲ್ಲಿ ಹೊರಕ್ಕೆ ಚಾಚಿಸಿ ಗೋಡೆಗೆ ತಾಗಿಸ್ತಾರೆ, ವ್ಯಾಸವನ್ನು ಹೊರಗೆ ನಿಂತು ಓದ್ತಾರೆ. ನನ್ನ ಲೆಕ್ಕದಲ್ಲಿ ಇವತ್ತಿನ ಬೋರ್ ಗೇಜ್‌ನ ನಿಜವಾದ ಅಜ್ಜ ಇದೇ. ಈ 'ಸ್ಟಾರ್ ಗೇಜ್' ಎಷ್ಟು ಕಾಲ ಬಾಳಿತು ಅಂದ್ರೆ, 20ನೇ ಶತಮಾನದಲ್ಲೂ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಸ್ಪರ್ಧಾ ರೈಫಲ್‌ಗಳಲ್ಲಿ ಇದರ ಪರೀಕ್ಷೆ ಗೆದ್ದ ನಳಿಗೆಯ ಬಾಯಿಗೆ ಪುಟ್ಟ ನಕ್ಷತ್ರದ ಗುರುತು ಒತ್ತುತ್ತಿದ್ದರು.

ಈಗ ಒಂದು ವಿಚಿತ್ರ ಕೇಳಿ. ವ್ಯಾಸ ಎಲ್ಲ ಕಡೆ ಸಮ ಇದ್ರೆ ತೂತು ದುಂಡಗಿದೆ ಅಂದ್ಕೊಳ್ತೀವಿ ಅಲ್ವಾ? ಸುಳ್ಳು. ಮೂಲೆ ಉಜ್ಜಿದ ತ್ರಿಕೋನದಂಥ ಆಕಾರವೊಂದಿದೆ, ಯಾವ ದಿಕ್ಕಿನಲ್ಲಿ ಅಳೆದರೂ ಅದರ ಅಗಲ ಒಂದೇ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದ ಮೇಲೆ ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್‌ಗೆ ಗೊತ್ತಾಗಿದ್ದು ಇದೇ ಥರದ್ದು. ಮತ್ತೆ ಬಳಸುವ ರಾಕೆಟ್ ತುಂಡುಗಳು ದುಂಡಗಿವೆಯಾ ಅಂತ 60 ಡಿಗ್ರಿ ಅಂತರದಲ್ಲಿ ಮೂರು ವ್ಯಾಸ ಅಳೆದು ನೋಡ್ತಿದ್ರು. ಮೂರಲ್ಲ, ಆರು ವ್ಯಾಸ ಹೊಂದಿದರೂ ಸಾಲದು ಅಂತ ಅವರು ತೋರಿಸಿದರು. ಹಾಗಂತ ದುರಂತಕ್ಕೆ ಇದೇ ಕಾರಣ ಅಂತ ವಾಟ್ಸಾಪ್‌ನಲ್ಲಿ ಹಾಕಬೇಡಿ, ಆ ಆಯೋಗ ಹೇಳಿದ್ದು ಚಳಿಗೆ ಬಿಗಿದುಕೊಂಡ ರಬ್ಬರ್ ಉಂಗುರದ ಬಗ್ಗೆ.

ಹಾಗಾಗಿ ಗೇಜ್ ಕೊಳ್ಳೋಕೆ ಮುಂಚೆ ನಿಮಗೆ ಯಾವ ತಪ್ಪಿನ ಭಯ ಅಂತ ಯೋಚಿಸಿ. ಸವೆದ ಎಂಜಿನ್ ಸಿಲಿಂಡರ್ ಮೊಟ್ಟೆಯಾಕಾರಕ್ಕೆ ತಿರುಗುತ್ತೆ, ಅದೂ ಮೇಲ್ಭಾಗದಲ್ಲಿ ಹೆಚ್ಚು. ಅದಕ್ಕೆ ಎರಡು ಬಿಂದುವಿನ ಡಯಲ್ ಬೋರ್ ಗೇಜ್ ಸರಿ. ಮೇಲೆ, ನಡುವೆ, ಕೆಳಗೆ ಅಡ್ಡವೂ ಉದ್ದವೂ ಅಳೆದ್ರೆ ಆರು ರೀಡಿಂಗ್. ಪ್ರತಿ ಸಲ ಗೇಜನ್ನು ಹಿಂದೆಮುಂದೆ ತೂಗಿ ಸಿಗೋ ಅತಿ ಚಿಕ್ಕ ಅಳತೆಯೇ ನಿಜ. ಮೂರು ಬಿಂದುವಿನ ಮೈಕ್ರೋಮೀಟರ್ ಇಲ್ಲಿ ಮೋಸ ಮಾಡುತ್ತೆ, ಮೊಟ್ಟೆಯಾಕಾರ ಅದರ ಕಣ್ಣಿಗೆ ಸರಿಯಾಗಿ ಬೀಳಲ್ಲ. ಆದರೆ ತೆಳು ಉಂಗುರವನ್ನು ಮೂರು ದವಡೆಯ ಚಕ್‌ನಲ್ಲಿ ಬಿಗಿದು ಕೊರೆದು ಬಿಚ್ಚಿದಾಗ ತೂತು ಮುಮ್ಮೂಲೆಯಾಗುತ್ತಲ್ಲ, ಅಲ್ಲಿ ಡಯಲ್ ಗೇಜ್ ಕುರುಡು, ಮೂರು ಬಿಂದುವಿನದ್ದೇ ಬೇಕು.

ಮಿಟುಟೊಯೊನಾ ಮಾರ್ ಕಂಪನಿಯದಾ ಅನ್ನೋದು ಆಮೇಲಿನ ಮಾತು. ಮೊದಲು ಸೆಟ್ಟಿಂಗ್ ರಿಂಗ್‌ಗೆ ದುಡ್ಡು ಇಡಿ, ಸೊನ್ನೆ ಎಲ್ಲಿದೆ ಅಂತ ಗೊತ್ತಿಲ್ಲದ ಗೇಜ್ ಎಷ್ಟು ದುಬಾರಿಯಾದ್ರೂ ಅಲಂಕಾರವೇ. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿನಲ್ಲಿ ಒಮ್ಮೆ ಕ್ಯಾಲಿಬ್ರೇಟ್ ಮಾಡಿಸಿ. ಇನ್ನು ಬಿಸಿಲು. ಅಳತೆಯ ಜಾಗತಿಕ ಲೆಕ್ಕ 20 ಡಿಗ್ರಿಗೆ. ತಗಡಿನ ಶೆಡ್ಡಿನಲ್ಲಿ 35 ಇದ್ರೆ 100 ಮಿಲಿಮೀಟರ್ ಉಕ್ಕು ಸುಮಾರು 0.017 ಮಿಲಿಮೀಟರ್ ಹಿಗ್ಗಿರುತ್ತೆ, ಅಲ್ಯೂಮಿನಿಯಂ ಅದರ ಎರಡರಷ್ಟು. ರಿಂಗನ್ನೂ ಕೆಲಸದ ತುಂಡನ್ನೂ ಒಂದೇ ಮೇಜಿನ ಮೇಲೆ ಒಂದೆರಡು ಗಂಟೆ ಬಿಟ್ಟು, ಆಮೇಲೆ ಅಳೀರಿ.